ದೆವ್ವಕ್ಕೊಂದು ಕಾರಣ

ಜೂನ್ 3, ಸೋಮವಾರ

ಗಂಟಲಿನ ಡಾಕ್ಟರು ಮೂಗಿನೊಳಗಿಂದ ಒಂದು ಸಣ್ಣ ಕೊಳವೆ ಇಳಿಸಿ, ಪರದೆಯ ಮೇಲೆ ನನ್ನ ಧ್ವನಿತಂತುಗಳನ್ನು ನನಗೇ ತೋರಿಸಿದರು. ಇಪ್ಪತ್ತೆರಡು ವರ್ಷ ಇವುಗಳಿಂದಲೇ ಬದುಕಿದ್ದೇನೆ, ಅವುಗಳ ಮುಖ ನೋಡಿದ್ದು ಇವತ್ತೇ ಮೊದಲು. ಎರಡೂ ಬದಿಗೆ ಒಂದೊಂದು ಗಂಟು. ಎಳ್ಳುಕಾಳಿಗಿಂತ ತುಸು ದೊಡ್ಡವು.

"ಏನ್ ಕೆಲಸ ನಿಮ್ದು?"

"ಕಿರುಚೋದು."

ತಮಾಷೆ ಎಂದುಕೊಂಡು ನಕ್ಕರು. ಸಿನಿಮಾದಲ್ಲಿ ದೆವ್ವಗಳಿಗೆ ಧ್ವನಿ ಕೊಡುತ್ತೇನೆ, ನಾಯಕಿಯರಿಗೆ ಕಿರುಚಲು ಬರದಿದ್ದರೆ ಅವರ ಪರವಾಗಿ ಕಿರುಚುತ್ತೇನೆ ಎಂದು ಬಿಡಿಸಿ ಹೇಳಿದ ಮೇಲೆ ನಗು ನಿಂತಿತು. ಆರು ವಾರ ಒಂದಕ್ಷರ ಮಾತಾಡಬಾರದಂತೆ. ಪಿಸುಮಾತು ಇನ್ನೂ ಕೆಟ್ಟದ್ದಂತೆ. ಆಗಲೂ ಗಂಟು ಕರಗದಿದ್ದರೆ ಆಪರೇಷನ್. ಆಪರೇಷನ್ ಆದ ಮೇಲೆ ಧ್ವನಿ ಇದೇ ಇರುತ್ತದೆಂದು ಯಾರೂ ಬರೆದುಕೊಡುವುದಿಲ್ಲ.

ಬರುವ ದಾರಿಯಲ್ಲಿ ಒಂದು ಸ್ಲೇಟು, ಬಳಪದ ಡಬ್ಬಿ, ಈ ನೋಟ್‌ಬುಕ್ಕು ಕೊಂಡೆ. ಸ್ಲೇಟು ಊರವರಿಗೆ, ನೋಟ್‌ಬುಕ್ಕು ನನಗೆ. ವಟವಟ ಎನ್ನುವ ಅಭ್ಯಾಸ ಒಂದೇ ದಿನಕ್ಕೆ ಹೋಗುವುದಿಲ್ಲ, ಎಲ್ಲಾದರೂ ಸುರಿಯಬೇಕು.

ಸಂಕಟ ಗಂಟಿನದ್ದಲ್ಲ. ಈಗ ಕೈಯಲ್ಲಿರುವ ಸಿನಿಮಾದಲ್ಲಿ ನನ್ನ ದೆವ್ವಕ್ಕೆ ಹನ್ನೊಂದು ಪುಟ ಮಾತಿದೆ. 'ಆ', 'ಈ', 'ಹಾ' ಬಿಟ್ಟು ಇಷ್ಟು ವರ್ಷದಲ್ಲಿ ನನಗೆ ಸಿಕ್ಕ ಮೊದಲ ಮಾತು. ಬರುವ ವಾರ ರೆಕಾರ್ಡಿಂಗ್ ಇತ್ತು.

ಜೂನ್ 4, ಮಂಗಳವಾರ

ತಂಗಿ ನನ್ನ ಮನೆಗೆ ಬಂದು ಹದಿನಾಲ್ಕು ತಿಂಗಳಾಯಿತು. ಗಂಡನನ್ನು ಬಿಟ್ಟು, ಎರಡು ಸೂಟ್‌ಕೇಸ್ ಹಿಡಿದು ಬಂದಳು. ಮೂರನೇ ವಾರಕ್ಕೇ ಕನ್ನಡಕದ ಅಂಗಡಿಯಲ್ಲಿ ಕೆಲಸ ಹುಡುಕಿಕೊಂಡಳು. ಮನೆಯಲ್ಲಿ ನಾವಿಬ್ಬರೇ. ಯಾಕೆ ಬಿಟ್ಟು ಬಂದೆ ಎಂದು ನಾನು ಕೇಳದ ದಿನವಿಲ್ಲ.

"ಹೊಡೀತಿದ್ನಾ?" "ಇಲ್ಲ." "ಕುಡೀತಿದ್ನಾ?" "ಇಲ್ಲಕ್ಕಾ." "ಮತ್ತೇನು?" "ಆಗ್ಲಿಲ್ಲ, ಅಷ್ಟೇ."

ಆಗಲಿಲ್ಲ ಅಂದರೇನು? ರವಿಕೆ ಅಳತೆಗೆ ಆಗಲಿಲ್ಲ ಎಂದ ಹಾಗೆ.

ಇವತ್ತು ಬೆಳಿಗ್ಗೆ ಟೀ ಲೋಟವನ್ನು ಸುಮ್ಮನೆ ಅವಳ ಮುಂದೆ ಇಟ್ಟೆ. ಲೋಟ ನೋಡಿದಳು, ನನ್ನ ಮುಖ ನೋಡಿದಳು. "ಕೋಪಾನಾ ಅಕ್ಕ?" ಸ್ಲೇಟು ಎತ್ತಿ ತೋರಿಸಿದೆ. "ಹೌದೌದು, ಡಾಕ್ಟ್ರು," ಎಂದಳು. ಹತ್ತು ನಿಮಿಷಕ್ಕೆ ಬಚ್ಚಲಿನಿಂದ ತಲೆ ಹೊರಹಾಕಿ ಮತ್ತೆ, "ನಿಜವಾಗ್ಲೂ ಕೋಪ ಇಲ್ವಲ್ಲ?" ಹೊರಡುವಾಗ ಬಾಗಿಲಲ್ಲಿ ಮೂರನೇ ಸಲ. ಸಂಜೆ ಬಂದವಳೇ ರೇಡಿಯೊ ಹಾಕಿದಳು. ಸುದ್ದಿ, ಹಾಡು, ಹವಾಮಾನ, ಯಾವನೋ ಹಲ್ಲಿನ ಬಗ್ಗೆ ಭಾಷಣ. ನನಗೆ ತಲೆ ಸಿಡಿಯಿತು. ಸುಮ್ಮನಿರು ಎಂದದ್ದು ನನಗೆ. ಇವಳಿಗೇಕೆ ಇಷ್ಟು ಚಡಪಡಿಕೆಯೋ.

ಜೂನ್ 7, ಶುಕ್ರವಾರ

ಸ್ಟುಡಿಯೋಗೆ ಹೋಗಿ ಸ್ಲೇಟು ತೋರಿಸಿದೆ. ಒಳಗೆ ಮೂವರಿದ್ದರು. ನಿರ್ದೇಶಕ, ಅವನನ್ನು ಎಲ್ಲರೂ ಗಡ್ಡ ಎನ್ನುತ್ತಾರೆ. ಧ್ವನಿ ಜೋಡಿಸುವ ಹಿರಿಯರು, ಹೆಸರೇ ಕಿವಿ ಎಂದಾಗಿಬಿಟ್ಟಿದೆ. ಮತ್ತೆ ನಿರ್ಮಾಪಕರು, ನಮ್ಮ ಪಾಲಿಗೆ ಯಜಮಾನರು. 'ಆರು ವಾರ' ಎಂದು ಓದಿದ ಮೇಲೆ ಯಾರೂ ನನ್ನ ಗಂಟಲಿನ ಬಗ್ಗೆ ಮಾತಾಡಲಿಲ್ಲ. ಆ ಹನ್ನೊಂದು ಪುಟದ ಮೇಲೆ ಜಗಳ ಶುರುವಾಯಿತು.

ಸಿನಿಮಾದ ಕಥೆ ಇಷ್ಟೇ. ಒಬ್ಬಂಟಿ ಟೀಚರ್ ಮೇಲಂತಸ್ತಿನ ಮನೆಗೆ ಬಾಡಿಗೆಗೆ ಬರುತ್ತಾಳೆ. ಸಂಜೆಯಾದರೆ ಮನೆಯಲ್ಲಿ ತನ್ನ ಹೊರತು ಇನ್ಯಾರೋ ಇದ್ದಾರೆ ಅನಿಸುತ್ತದೆ. ಮಧ್ಯಂತರದವರೆಗೆ ಅದೇ. ಆಮೇಲೆ ಟೀಚರ್ ಪತ್ತೇದಾರಳಾಗುತ್ತಾಳೆ: ಮೊದಲು ಅಲ್ಲಿದ್ದ ಹೆಂಗಸು ಸತ್ತದ್ದು ಹೇಗೆ? ಕೊನೆಗೆ ಆ ಹೆಂಗಸು ಟೀಚರ್ ಮೈಮೇಲೆ ಬಂದು, ನನ್ನ ಧ್ವನಿಯಲ್ಲಿ, ಗಂಡ ತನ್ನನ್ನು ಏಕೆ ಕೊಂದ, ಹೇಗೆ ಕೊಂದ ಎಂದು ಹನ್ನೊಂದು ಪುಟ ಹೇಳುತ್ತಾಳೆ.

"ಈ ಮಾತನ್ನೇ ತೆಗೆದುಬಿಡೋಣ ಸರ್," ಎಂದ ಗಡ್ಡ. "ದೆವ್ವದ ಸಿನಿಮಾ ನೋಡೋನು 'ಏನದು?' ಅಂತ ಕೇಳ್ತಾನೆ. ಥ್ರಿಲ್ಲರ್ ನೋಡೋನು 'ಯಾರು ಮಾಡಿದ್ದು?' ಅಂತ ಕೇಳ್ತಾನೆ. ಎರಡನೇದಕ್ಕೆ ಉತ್ತರ ಸಿಕ್ಕಿದ ತಕ್ಷಣ ಮೊದಲನೇ ಭಯ ಹಾಗೇ ಇಳಿದುಹೋಗುತ್ತೆ. ದೆವ್ವ ಕೂತ್ಕೊಂಡು ಕಷ್ಟಸುಖ ಹೇಳ್ಕೊಂಡ್ರೆ ಅದು ದೆವ್ವ ಅಲ್ಲ, ನೆಂಟಳು."

"ನೆಂಟಳಾದ್ರೆ ಆಗ್ಲಿ ಕಣಯ್ಯಾ," ಎಂದರು ಯಜಮಾನರು. "ಸತ್ತವಳು ಯಾಕೆ ಸತ್ಲು ಅಂತ ಗೊತ್ತಾಗ್ದೆ ಜನ ಎದ್ದುಹೋದ್ರೆ ದಾರಿಯುದ್ದಕ್ಕೂ ನನ್ನೇ ಬೈಕೊಂಡು ಹೋಗ್ತಾರೆ. ಎಲ್ಲಕ್ಕೂ ಒಂದು ಕಾರಣ ಬೇಕು. ದೆವ್ವಕ್ಕೂ ಬೇಕು."

ನಾನು ಸ್ಲೇಟಿನ ಮೇಲೆ 'ಯಜಮಾನರು ಹೇಳಿದ್ದೇ ಸರಿ' ಎಂದು ಬರೆದು ಎತ್ತಿ ಹಿಡಿದೆ. ಅವರು ಖುಷಿಯಾಗಿ, "ನೋಡು, ಅನುಭವಸ್ಥರು!" ಎಂದರು. ಅದೇ ಉಸಿರಿನಲ್ಲಿ, "ಆದ್ರೆ ಆರು ವಾರ ಕಾಯೋಕಾಗಲ್ಲಮ್ಮ, ಬೇರೆ ಧ್ವನಿ ನೋಡ್ತೀವಿ," ಎಂದೂ ಹೇಳಿದರು.

ಜೂನ್ 10, ಸೋಮವಾರ

ಸುಸ್ತು. ಮಾತಾಡದಿದ್ದರೆ ಶಕ್ತಿ ಉಳಿಯುತ್ತದೆ ಎಂದುಕೊಂಡಿದ್ದೆ. ಎಲ್ಲಿ ಹೋಗುತ್ತಿದೆಯೋ ಗೊತ್ತಿಲ್ಲ. ರೇಡಿಯೊ ಬೆಳಿಗ್ಗೆ ಆರಕ್ಕೇ ಶುರು.

ಜೂನ್ 12, ಬುಧವಾರ

ಕೆಟ್ಟ ದಿನ.

ಸಂಜೆ ದೊಡ್ಡಮ್ಮನ ಫೋನು ಬಂತು. ಯಾವಾಗಲೂ ನಾನೇ ಎತ್ತುವುದು. ನೆಂಟರ ಫೋನೆಂದರೆ ತಂಗಿ ಪಕ್ಕದ ಕೋಣೆಗೆ ಹೋಗಿಬಿಡುತ್ತಾಳೆ. ಇವತ್ತು ಬೇರೆ ದಾರಿ ಇರಲಿಲ್ಲ. ನನಗೂ ಕೇಳಲಿ ಎಂದು ಸ್ಪೀಕರ್ ಹಾಕಿ ಮಾತಾಡಿದಳು.

"ದೊಡ್ಡಮ್ಮಾ, ಅಕ್ಕನಿಗೆ ಗಂಟಲು ಸರಿ ಇಲ್ಲ."

"ಅಯ್ಯೋ, ನೀನಾ ಮಗಳೇ! ನಿನ್ನ ಧ್ವನಿ ಕೇಳಿ ವರ್ಷ ಆಯ್ತು. ಹೇಗಿದೀಯ? ಅವನು ಆ ಟೈಪಿಸ್ಟ್‌ನ ಬಿಟ್ನಂತಾ?"

"ಯಾವ ಟೈಪಿಸ್ಟು?"

"ನನ್ನ ಹತ್ರ ಏನು ಮುಚ್ಚುಮರೆ? ನಿಮ್ಮಕ್ಕ ಎಲ್ಲಾ ಹೇಳಿದಾಳೆ. ನೀಲಿ ಕೊಡೆ ಹಿಡ್ಕೊಂಡು ಮನೆಗೇ ಬರ್ತಿದ್ಲಂತಲ್ಲ. ನೀನು ಕಣ್ಣಾರೆ ನೋಡಿದ ಮೇಲೆ ಅಲ್ಲಿರೋದು ಹೇಗೆ, ಪಾಪ. ನಾವೆಲ್ಲ ನಿನ್ನ ಕಡೆಗೇ ಇದೀವಿ."

ತಂಗಿ ನನ್ನತ್ತ ನೋಡಿದಳು. ನಾನು ಸ್ಲೇಟಿಗಾಗಿ ಕೈಯಾಡಿಸಿದೆ, ಸಿಕ್ಕಲಿಲ್ಲ. ಸಿಕ್ಕಿದ್ದರೂ ಏನು ಬರೆಯುವುದು? ಟೈಪಿಸ್ಟ್ ನನ್ನ ಸೃಷ್ಟಿ. ಹೋದ ವರ್ಷ ದೊಡ್ಡಮ್ಮ ಯಾಕೆ, ಯಾಕೆ ಎಂದು ಕೊರೆದಾಗ 'ಆಗಲಿಲ್ಲ ಅಷ್ಟೇ' ಎಂದರೆ ಒಪ್ಪಲಿಲ್ಲ. ತಪ್ಪು ತಂಗಿಯದೇ ಇರಬೇಕು ಎಂಬ ಅರ್ಥ ಅವರ ದನಿಯಲ್ಲಿ ಕೇಳಿಸಿತು. ಅದಕ್ಕೇ ಒಬ್ಬ ಟೈಪಿಸ್ಟನ್ನು ಕೊಟ್ಟೆ. ಕಥೆ ಕೇಳಿದವರು ಗುರುತು ಕೇಳುತ್ತಾರೆ, ನೀಲಿ ಕೊಡೆಯನ್ನೂ ಕೊಟ್ಟೆ. ಅಂದಿನಿಂದ ಯಾರೂ ಏನೂ ಕೇಳಿರಲಿಲ್ಲ.

"ಹೂಂ ದೊಡ್ಡಮ್ಮ," ಎಂದಳು ತಂಗಿ. "ಇಡ್ತೀನಿ." ಇಟ್ಟಳು.

ಜೂನ್ 13, ಗುರುವಾರ

ಅವಳು ಮಾತಾಡಲಿಲ್ಲ. ನಾನು ಮಾತಾಡುವಂತಿಲ್ಲ. ರೇಡಿಯೊದವನೊಬ್ಬನೇ ಮಾತಾಡಿದ.

ಜೂನ್ 16, ಭಾನುವಾರ

ಅಂಗಡಿಗೆ ರಜೆ. ಮಧ್ಯಾಹ್ನ ಒಣಗಿದ ಬಟ್ಟೆಗಳ ರಾಶಿಯನ್ನು ಹಾಸಿಗೆಯ ಮೇಲೆ ಹಾಕಿಕೊಂಡು ಇಬ್ಬರೂ ಮಡಿಸುತ್ತಿದ್ದೆವು. 'ತಪ್ಪಾಯಿತು' ಎಂದು ಸ್ಲೇಟಿನಲ್ಲಿ ಬರೆದು ಗುರುವಾರದಿಂದಲೂ ಮೇಜಿನ ಮೇಲೆ ಇಟ್ಟಿದ್ದೆ. ಅವಳು ಅಳಿಸಿಯೂ ಇರಲಿಲ್ಲ, ಓದಿದೆ ಎಂದೂ ಹೇಳಿರಲಿಲ್ಲ.

ಒಂದು ದಿಂಬಿನ ಕವರ್ ಮಡಿಸುತ್ತಾ ಅಂದಳು. "ನಿನ್ನ ಟೈಪಿಸ್ಟೇ ವಾಸಿ ಕಣಕ್ಕಾ. ನನ್ನ ಕಥೇಲಿ ಏನೂ ಆಗೋದೇ ಇಲ್ಲ."

ನಾನು ಬಟ್ಟೆ ಕೆಳಗಿಟ್ಟೆ.

"ನೀನು ಮಡಿಸ್ತಾ ಇರು. ನೋಡಬೇಡ ನನ್ನ."

ಮಡಿಸುತ್ತಾ ಇದ್ದೆ. ಅವಳು ಹೇಳಿದ್ದನ್ನು ನೆನಪಿದ್ದಷ್ಟೂ ಹಾಗೇ ಬರೆಯುತ್ತೇನೆ.

"ಸಂಜೆ ಆರೂವರೆಗೆ ಮೆಟ್ಟಿಲ ಮೇಲೆ ಅವರ ಹೆಜ್ಜೆ. ಆಮೇಲೆ ಬಾಗಿಲಿಗೆ ಕೀ ಹಾಕೋ ಸದ್ದು. ಕೀ ಹಾಕ್ತಾರೆ, ತಿರುಗಿಸಲ್ಲ. ಹಾಗೇ ನಿಂತಿರ್ತಾರೆ. ನಾನು ಒಳಗೆ ಎಣಿಸೋದು. ಐದರೊಳಗೆ ತಿರುಗಿದ್ರೆ ಅವತ್ತು ಮಾತು, ನಗು, ಎಲ್ಲಾ ಇರುತ್ತೆ. ಹತ್ತು ದಾಟ್ತು ಅಂದ್ರೆ ಮಾತಿಲ್ಲ. ಮೂರು ದಿನ, ನಾಲ್ಕು ದಿನ. ಒಂದ್ಸಲ ಹದಿನೇಳು ದಿನ. ಬೈಗುಳ ಇಲ್ಲ, ಏನಿಲ್ಲ. ಊಟ ಮಾಡ್ತಾರೆ, ಪೇಪರ್ ಓದ್ತಾರೆ, ನಾನು ಆ ಮನೇಲಿ ಇಲ್ಲ. ಕೀ ಸದ್ದು ಕೇಳಿದಾಗ ಎಲ್ಲಿದ್ನೋ ಅಲ್ಲೇ ನಿಂತುಬಿಡ್ತಿದ್ದೆ. ಕೈಯಲ್ಲಿ ಪಾತ್ರೆ ಒರೆಸೋ ಬಟ್ಟೆ. ಬೆಳಿಗ್ಗೆಯಿಂದ ಏನು ತಪ್ಪು ಮಾಡಿದೆ ಅಂತ ಹಿಂದಿನಿಂದ ಮುಂದಕ್ಕೆ ಹುಡುಕೋದು."

ಇನ್ನೊಂದು ಕವರ್ ಎತ್ತಿಕೊಂಡಳು.

"ಅವರು ಆಚೆ ನಿಂತು ಕೇಳಿಸ್ಕೊಳ್ತಿದ್ರೋ, ಮೆಟ್ಟಿಲು ಹತ್ತಿ ಸುಸ್ತಾಗ್ತಿತ್ತೋ, ನಂಗೆ ಇವತ್ತಿಗೂ ಗೊತ್ತಿಲ್ಲ. ಒಂಬತ್ತು ವರ್ಷ ಅಕ್ಕ. ಕೀ ತಿರುಗಿಸೋಕೆ ತಡ ಮಾಡ್ತಾರೆ ಅಂತ ಯಾರ ಹತ್ರ ಹೇಳ್ಲಿ?"

ಗಂಟಲು ಸರಿಯಿದ್ದಿದ್ದರೆ ಮೊದಲ ವಾಕ್ಯಕ್ಕೇ ಅಡ್ಡ ಬಾಯಿ ಹಾಕುತ್ತಿದ್ದೆ. ನೀನೇಕೆ ಕೇಳಲಿಲ್ಲ, ಆಗಲೇ ಹೇಳಬಾರದಿತ್ತೇ, ನಾನಾಗಿದ್ದರೆ. ಏಳೆಂಟು ಪ್ರಶ್ನೆ ನುಂಗಿದೆ. ಬಟ್ಟೆ ಮಡಿಸಿ ಮುಗಿಯಿತು. ಅವಳು ಟೀ ಮಾಡಲು ಎದ್ದಳು.

ಸಂಜೆ ನೋಡಿದರೆ ರೇಡಿಯೊ ಸುಮ್ಮನಿತ್ತು. ಬ್ಯಾಟರಿ ಮುಗಿದಿರಬೇಕು.

ಜೂನ್ 20, ಗುರುವಾರ

ಹೊಸ ಧ್ವನಿ ಬಂದಿದ್ದಾಳೆ. ನಾಟಕದಿಂದ ಬಂದವಳು, ನನಗಿಂತ ಹದಿನೈದು ವರ್ಷ ಚಿಕ್ಕವಳು. ಗಾಜಿನ ಆಚೆ ನಿಂತು ನನ್ನ ಹನ್ನೊಂದು ಪುಟವನ್ನು ಓದಿದಳು. ಚೆನ್ನಾಗಿ ಓದಿದಳು. ಕೆಟ್ಟದಾಗಿ ಓದಿದ್ದರೆ ಊಟ ಸೇರುತ್ತಿತ್ತು. ಮುಗಿಸಿ ಬಂದು, "ಮೇಡಂ, ತಪ್ಪಿದ್ರೆ ಹೇಳಿ," ಎಂದು ನನ್ನ ಸ್ಲೇಟನ್ನೇ ನೋಡಿದಳು. 'ಸರಿಯಿದೆ' ಎಂದು ಬರೆದೆ.

ಆದರೆ ಅದಕ್ಕೆ ಮುಂಚಿನ ದೃಶ್ಯವೇ ನಿಲ್ಲುತ್ತಿಲ್ಲ. ಟೀಚರ್ ಅಡುಗೆಮನೆಯಲ್ಲಿದ್ದಾಳೆ, ಸಂಜೆ, ದೆವ್ವ ಬರಬೇಕು. ಗಡ್ಡ ಗಾಳಿ ಹಾಕಿ ನೋಡಿದ, ಮಗು ಅಳುವ ಸದ್ದು ಹಾಕಿದ, ಕಿಟಕಿ ಬಡಿಸಿದ. ಯಾವುದಕ್ಕೂ ಯಾರ ಮೈಯೂ ಜುಮ್ಮೆನ್ನಲಿಲ್ಲ. ಆಮೇಲೆ ಮೇ ತಿಂಗಳಲ್ಲಿ ನಾನೇ ಕೊಟ್ಟಿದ್ದ ಕಿರುಚಾಟವನ್ನು ಈ ದೃಶ್ಯಕ್ಕೇ ತಂದು ಹಾಕಿದರು. ಅದು ನನ್ನ ಅತ್ಯುತ್ತಮ ಕಿರುಚಾಟ. ಗಂಟಲು ಕೆಟ್ಟದ್ದೂ ಬಹುಶಃ ಅದರಿಂದಲೇ.

ಕಿವಿ ತಲೆಯಾಡಿಸಿದರು. "ಕಿರುಚಾಟ ಹೆದರ್ಸೋಕಲ್ಲಪ್ಪಾ. ಹೆದರಿದವರು ಉಸಿರು ಬಿಡ್ಲಿ ಅಂತ. ಈ ಅಮ್ಮ ಕಿರುಚಿದ ಕೂಡ್ಲೇ ಥಿಯೇಟರ್‌ನಲ್ಲಿ ಎಲ್ಲರೂ ನೀರು ಕುಡೀತಾರೆ, ನಾನು ನೋಡಿದೀನಿ. ಭಯ ಅದಕ್ಕೆ ಮುಂಚೆ ಆಗಿರಬೇಕು. ಇಲ್ಲಿ ಮುಂಚೆ ಏನೂ ಇಲ್ಲ."

ಇಪ್ಪತ್ತೆರಡು ವರ್ಷ ಜನರನ್ನು ಹೆದರಿಸಿದೆ ಎಂದುಕೊಂಡಿದ್ದೆ. ನೀರು ಕುಡಿಸಿದ್ದಂತೆ.

ನನ್ನತ್ತ ಯಾರೂ ನೋಡುತ್ತಿರಲಿಲ್ಲ, ಮೂಲೆಯ ಕುರ್ಚಿಯನ್ನು ಯಾರು ನೋಡುತ್ತಾರೆ. ಬಳಪ ತೆಗೆದು ಬರೆದೆ: 'ಹೊರಗಿನಿಂದ ಬೀಗಕ್ಕೆ ಕೀ ಹಾಕುವ ಸದ್ದು. ತಿರುಗಿಸುವುದಿಲ್ಲ. ಅವಳು ಕಾಯುತ್ತಾಳೆ.'

ಗಡ್ಡ ಎರಡು ಸಲ ಓದಿದ. ಕಿವಿ ತಮ್ಮ ಜೇಬಿನಿಂದ ಬೀಗದ ಕೈ ತೆಗೆದು, ಸ್ಟುಡಿಯೋದ ಹಿಂಬಾಗಿಲಿಗೆ ಮೈಕ್ ಹಿಡಿದು, ಹಾಕಿದರು. ತಿರುಗಿಸಲಿಲ್ಲ. ನಡುಮಧ್ಯಾಹ್ನ, ದೀಪ ಉರಿಯುತ್ತಿತ್ತು, ಐದು ಜನ ಇದ್ದೆವು. ಆದರೂ ಹೊಸಬಳು ತನ್ನ ಕುರ್ಚಿಯ ಕೈಯನ್ನು ಹಿಡಿದುಕೊಂಡಳು.

"ಬಾಗಿಲು ತೆರೆದಾಗ ಅಲ್ಲ ಭಯ," ಎಂದ ಗಡ್ಡ ಮೆಲ್ಲಗೆ. "ತೆರೆಯೋ ತನಕ. ಇಷ್ಟೇ ಸಾಕು. ಸರ್, ಇದನ್ನ ಹಾಕಿದ ಮೇಲೆ ಆ ಹನ್ನೊಂದು ಪುಟ ಯಾರಿಗೆ ಬೇಕು?"

ಯಜಮಾನರು ಬಹಳ ಹೊತ್ತು ಬಾಗಿಲನ್ನೇ ನೋಡುತ್ತಿದ್ದು, "ಬೇಡ ಬಿಡು," ಎಂದರು.

ಜೂನ್ 21, ಶುಕ್ರವಾರ

ನನ್ನ ಮಾತನ್ನು ನಾನೇ ಕೈಯಾರೆ ತೆಗೆಸಿಹಾಕಿದೆ. ಹೊಸಬಳ ಮಾತೂ ಹೋಯಿತು, ಪಾಪ. ಚೀಲ ಎತ್ತಿಕೊಂಡು, ಹೋಗಿಬರ್ತೀನಿ ಮೇಡಂ ಎಂದು ಹೊರಟಳು. ಗಡ್ಡ ನನ್ನ ಕೈ ಕುಲುಕಿದ. ಎಷ್ಟೋ ವರ್ಷದ ಮೇಲೆ ಒಬ್ಬ ನಿರ್ದೇಶಕ ನನ್ನ ಕೈ ಕುಲುಕಿದ್ದು.

"ಸ್ಟುಡಿಯೋದಲ್ಲಿ ಏನಾಯ್ತು?" ಎಂದು ತಂಗಿ ಕೇಳಿದಳು. 'ಏನಿಲ್ಲ' ಎಂದು ಬರೆದೆ.

ಜೂನ್ 26, ಬುಧವಾರ

ಜೋಡಿಸಿದ ದೃಶ್ಯ ತೋರಿಸಿದರು. ಬೀಗದ ಕೈ ಒಳಗೆ ಹೋಗುತ್ತದೆ. ಟೀಚರ್ ಹಾಗೇ ನಿಲ್ಲುತ್ತಾಳೆ. ನಟಿಯ ಕೈಯಲ್ಲಿ ಪಾತ್ರೆ ಒರೆಸುವ ಬಟ್ಟೆ ಇದೆ. ಆ ಬಟ್ಟೆಯ ವಿಷಯ ನಾನು ಯಾರಿಗೂ ಹೇಳಿರಲಿಲ್ಲ, ಶೂಟಿಂಗ್‌ನಲ್ಲಿ ಅದು ಮೊದಲೇ ಅವಳ ಕೈಯಲ್ಲಿತ್ತಂತೆ. ಹದಿಮೂರು ಸೆಕೆಂಡು. ಕಿವಿ ಗಡಿಯಾರ ಹಿಡಿದು ಎಣಿಸುತ್ತಿದ್ದರು. ನಾನು ಎಣಿಸಲಿಲ್ಲ. ಪರದೆಯ ಮೇಲಿದ್ದವಳು ನಟಿಯಾಗಿರಲಿಲ್ಲ. ಎದ್ದು ಹೊರಗೆ ಬಂದು ನಲ್ಲಿಯ ಹತ್ತಿರ ನಿಂತೆ.

ಒಂದು ಸಲ ಅವಳ ಹೆಸರಿನಲ್ಲಿ ಸುಳ್ಳು ಹೇಳಿದೆ. ಇನ್ನೊಂದು ಸಲ ಅವಳ ಹೆಸರಿಲ್ಲದೆ ನಿಜ ಹೇಳಿದೆ. ಎರಡು ಸಲವೂ ಅವಳನ್ನು ಕೇಳಲಿಲ್ಲ. ಹದಿನಾಲ್ಕು ತಿಂಗಳು ಕಾದು ಒಬ್ಬಳ ಮುಂದೆ ಹೇಳಿಕೊಂಡಳು. ನಾಲ್ಕು ದಿನ ಹೊಟ್ಟೆಯಲ್ಲಿಟ್ಟುಕೊಳ್ಳಲು ನನ್ನಿಂದಾಗಲಿಲ್ಲ, ಅದೂ ಮಾತು ನಿಂತ ಬಾಯಿಯಲ್ಲಿ.

ಜೂನ್ 28, ಶುಕ್ರವಾರ

ಬೆಳಿಗ್ಗೆ ಕಾಗದದಲ್ಲಿ ಎಲ್ಲ ಬರೆದು ಕೊಟ್ಟೆ. ಸ್ಲೇಟಿನಲ್ಲಿ ಬರೆಯಲು ಮನಸ್ಸಾಗಲಿಲ್ಲ, ಅದನ್ನು ಅಳಿಸಬಹುದು.

ಚಪ್ಪಲಿ ಮೆಟ್ಟಿ ನಿಂತೇ ಓದಿದಳು. ಕೊನೆಯವರೆಗೆ ಓದಿ, ನಾಲ್ಕಾಗಿ ಮಡಿಸಿ, ಚೀಲದಲ್ಲಿಟ್ಟುಕೊಂಡಳು. "ಕೇಳಬೇಕಿತ್ತು ನೀನು," ಎಂದಳು. ಅಷ್ಟೇ. ಅಂಗಡಿಗೆ ಹೋದಳು.

ಜುಲೈ 1, ಸೋಮವಾರ

ನಾಲ್ಕು ದಿನವಾಯಿತು. ಅಡುಗೆ ಮಾಡುತ್ತಾಳೆ, ಬಡಿಸುತ್ತಾಳೆ, ಮಾತಿಲ್ಲ. ನಾನು ಅಡುಗೆಮನೆಗೆ ಹೋದರೆ ಅವಳು ವರಾಂಡಕ್ಕೆ. ಇದನ್ನು ಹದಿನೇಳು ದಿನ ತಡೆದುಕೊಂಡಳೇ ಇವಳು? ನನಗೆ ನಾಲ್ಕಕ್ಕೇ ಸಾಕಾಗಿದೆ. ಒಂದು ವ್ಯತ್ಯಾಸವಿದೆ, ಅದನ್ನು ಒಪ್ಪಿಕೊಳ್ಳಬೇಕು. ಯಾಕೆಂದು ನನಗೆ ಗೊತ್ತಿದೆ.

ಜುಲೈ 3, ಬುಧವಾರ

ಇವತ್ತು ಸಂಜೆ ಕಿವಿಗೊಟ್ಟು ಕೂತಿದ್ದೆ, ಅವಳು ಬರುವ ಹೊತ್ತಿಗೆ. ಮೆಟ್ಟಿಲ ಮೇಲೆ ಹೆಜ್ಜೆ. ಆಮೇಲೆ, "ನಾನೇ." ಆಮೇಲೆ ಬೀಗದ ಕೈ, ಹಾಕಿದ ಕೂಡಲೇ ತಿರುಗಿತು.

ಅವಳು ಯಾವಾಗಲೂ ಹೀಗೇ ಬರುವುದು. ಬಾಗಿಲಿಗೆ ಕೈ ಹಚ್ಚುವ ಮೊದಲು 'ನಾನೇ' ಎನ್ನುತ್ತಾಳೆ. ಹದಿನಾಲ್ಕು ತಿಂಗಳು ಅದಕ್ಕೆ ನಾನು ಒಳಗಿನಿಂದ "ಇನ್ಯಾರು, ಮಹಾರಾಣೀನಾ?" ಎಂದು ಗೇಲಿ ಮಾಡಿದ್ದೇನೆ. ನನ್ನ ಮೇಲೆ ಇಷ್ಟು ಕೋಪವಿರುವಾಗಲೂ ಅದನ್ನು ಹೇಳುವುದು ಬಿಟ್ಟಿಲ್ಲ.

ಬಾಗಿಲ ಬಳಿ ಹೋಗಿ ಅವಳ ಚೀಲ ಇಸಿದುಕೊಂಡೆ. ಕೊಟ್ಟಳು.

ಜುಲೈ 7, ಭಾನುವಾರ

ಬೆಳಿಗ್ಗೆ ಟೀ ಕುಡಿಯುತ್ತಾ, "ನಂಗೆ ಆ ದೃಶ್ಯ ನೋಡಬೇಕು," ಎಂದಳು. ಗಡ್ಡನಿಗೆ ಮೆಸೇಜ್ ಹಾಕಿದೆ. ಹನ್ನೊಂದು ಗಂಟೆಗೆ ಸ್ಟುಡಿಯೋಗೆ ಬರಹೇಳಿದ. ಆ ಸದ್ದು ಯಾರ ಮನೆಯದೆಂದೂ ಅದೇ ಮೆಸೇಜಿನಲ್ಲಿ ಬರೆದು ತಿಳಿಸಿದ್ದೆ, ಈ ಸಲ ಅವಳನ್ನು ಕೇಳಿ. "ಹೇಳು," ಎಂದಿದ್ದಳು.

ಗಡ್ಡ, ಕಿವಿ, ನಾನು, ಅವಳು. ಇನ್ಯಾರೂ ಇರಲಿಲ್ಲ. ಗಡ್ಡ ಅವಳಿಗೆ ತನ್ನ ಕುರ್ಚಿ ಬಿಟ್ಟುಕೊಟ್ಟು ಗೋಡೆಗೆ ಒರಗಿ ನಿಂತ. ದೀಪ ಆರಿಸಲು ಹೋದ ಕಿವಿಗೆ,

"ದೀಪ ಇರ್ಲಿ ಸರ್," ಎಂದಳು.

ದೃಶ್ಯ ಓಡಿತು. ಬೀಗದ ಕೈ. ಹದಿಮೂರು ಸೆಕೆಂಡು. ಅವಳು ಅಲುಗಾಡಲಿಲ್ಲ. ಬೀಗದ ಕೈ ತಿರುಗಿತು, ಬಾಗಿಲು ತೆರೆಯಿತು, ಹೊರಗೆ ಯಾರೂ ಇಲ್ಲ. ಆಗ ನನ್ನ ಕಿರುಚಾಟ. ಪರದೆ ಕಪ್ಪಾಯಿತು.

"ಕಿರುಚಿದ್ದು ಯಾರು?"

"ನಿಮ್ಮಕ್ಕ," ಎಂದರು ಕಿವಿ.

"ನಾನು ಯಾವತ್ತೂ ಕಿರುಚಲಿಲ್ಲ."

ಕಿವಿ ತಮ್ಮ ಯಂತ್ರದ ಗುಂಡಿಗಳನ್ನು ನೋಡುತ್ತಾ ಕೂತರು. ಗಡ್ಡ ಗಂಟಲು ಸರಿಮಾಡಿಕೊಂಡ. "ನೋಡಿ, ಇಡೀ ಸಿನಿಮಾದಲ್ಲಿ ಇದೇ ನನಗೆ ಬೇಕಾಗಿರೋ ದೃಶ್ಯ. ಆದ್ರೆ ನೀವು ಬೇಡ ಅಂದ್ರೆ ತೆಗೀತೀನಿ. ಕಿಟಕಿ ಬಡಿಸ್ಕೊಂಡು ಹೇಗೋ ಮಾಡ್ತೀನಿ." ಮುಖ ಬಾಡಿತ್ತು, ಆದರೆ ಅಂದದ್ದು ಮನಸ್ಸಿನಿಂದಲೇ.

ತಂಗಿ ನನ್ನ ಕಡೆ ತಿರುಗಿದಳು. "ಅವರು ದೆವ್ವದ ಸಿನಿಮಾ ಒಂದೂ ಬಿಡಲ್ಲ ಅಕ್ಕ. ಇದನ್ನೂ ನೋಡ್ತಾರೆ. ಇಷ್ಟು ದಿನದಿಂದ ಅದನ್ನೇ ಯೋಚಿಸ್ತಿದ್ದೆ. ನೋಡಿದ್ರೆ ಏನಂತಾರೆ, ಫೋನ್ ಮಾಡ್ತಾರಾ, ಇಲ್ಲಿಗೇ ಬರ್ತಾರಾ ಅಂತ."

ನಾನು ಬಳಪ ಹಿಡಿದೆ. 'ತೆಗೆಸು' ಎಂದು ಬರೆಯಲು ಹೊರಟಿದ್ದೆ. ಅವಳು ಸ್ಲೇಟಿನ ಮೇಲೆ ಕೈಯಿಟ್ಟಳು.

"ಈಗ ನೋಡಿದ ಮೇಲೆ ಹೊಳೀತು. ಅವರಿಗೆ ಗೊತ್ತೇ ಆಗಲ್ಲ. ಅವರು ಬಾಗಿಲ ಆಚೆ ಇದ್ದವರು. ಈ ಸದ್ದು ಹೇಗೆ ಕೇಳುತ್ತೆ ಅಂತ ಅವರಿಗೆ ಎಲ್ಲಿ ಗೊತ್ತು? ಒಳಗಿದ್ದವರಿಗೆ ಮಾತ್ರ ಗೊತ್ತಾಗುತ್ತೆ." ಗಡ್ಡನತ್ತ ತಿರುಗಿದಳು. "ಇರ್ಲಿ ಬಿಡಿ ಸರ್. ಥಿಯೇಟರ್‌ನಲ್ಲಿ ಯಾವಳೋ ಒಬ್ಬಳು ಇರ್ತಾಳೆ. ಪಕ್ಕದಲ್ಲಿ ಕೂತವನ ಮುಖ ತಿರುಗಿ ನೋಡ್ತಾಳೆ."

ನಾನು ಸ್ಲೇಟಿನಲ್ಲಿ ಬರೆದು ಕಿವಿಗೆ ತೋರಿಸಿದೆ: 'ಕಿರುಚಾಟ ತೆಗೆಯಿರಿ.'

"ಅಮ್ಮಾ, ನಿಮ್ಮದು ಇದರಲ್ಲಿ ಉಳಿದಿರೋದೇ ಅದೊಂದು," ಎಂದರು.

ಅದೇ ಸಾಲಿನ ಕೆಳಗೆ ಗೆರೆ ಎಳೆದೆ. ತೆಗೆದು ಮತ್ತೊಮ್ಮೆ ಹಾಕಿದರು. ಬಾಗಿಲು ತೆರೆಯುತ್ತದೆ, ಹೊರಗೆ ಯಾರೂ ಇಲ್ಲ, ಕಪ್ಪು. ಉಸಿರು ಬಿಡಲು ಎಲ್ಲೂ ಜಾಗವಿಲ್ಲ. ಗಡ್ಡ ನೀರಿನ ಬಾಟಲಿ ಎತ್ತಿಕೊಂಡವನು ಕುಡಿಯದೆ ಹಾಗೇ ಹಿಡಿದು ನಿಂತಿದ್ದ.

ಬಸ್ಸಿನಲ್ಲಿ ಬರುವಾಗ ತಂಗಿ ನನ್ನ ಹೆಗಲಿಗೆ ತಲೆಯಿಟ್ಟು ನಿದ್ದೆಹೋದಳು. ಎರಡು ಸ್ಟಾಪು ಮುಂದಕ್ಕೆ ಹೋಗಿಬಿಟ್ಟೆವು. ಎಬ್ಬಿಸಲಿಲ್ಲ. ನಡೆದುಕೊಂಡು ವಾಪಸು ಬಂದೆವು.

ಜುಲೈ 12, ಶುಕ್ರವಾರ

ಏನೂ ವಿಶೇಷವಿಲ್ಲ. ಇಬ್ಬರೂ ಕಿಟಕಿಯ ಹತ್ತಿರ ಒಂದು ಗಂಟೆ ಸುಮ್ಮನೆ ಕೂತಿದ್ದೆವು. ಕೋಪಾನಾ ಎಂದು ಅವಳು ಕೇಳಲಿಲ್ಲ. ರೇಡಿಯೊಗೆ ಬ್ಯಾಟರಿ ತರಬೇಕೆಂದು ನಾನೇ ಮರೆಯುತ್ತಿದ್ದೇನೆ.

ಜುಲೈ 15, ಸೋಮವಾರ

ಡಾಕ್ಟರು ಮತ್ತೆ ಕೊಳವೆ ಇಳಿಸಿ ನೋಡಿದರು. ಒಂದು ಗಂಟು ಹೋಗಿದೆ, ಇನ್ನೊಂದು ಅರ್ಧವಾಗಿದೆ. ಸದ್ಯಕ್ಕೆ ಆಪರೇಷನ್ ಬೇಡ. ದಿನಕ್ಕೆ ಹತ್ತು ನಿಮಿಷ ಮಾತಾಡಬಹುದು, ಮೆಲ್ಲಗೆ.

"ಕಿರುಚೋದು?" ಎಂದೆ. ಆರು ವಾರದ ಮೇಲೆ ಬಂದ ಮೊದಲ ಮಾತು. ಯಾರೋ ಪಕ್ಕದಲ್ಲಿ ಕೂತು ಅಂದ ಹಾಗಿತ್ತು, ಸ್ವಲ್ಪ ಒಡಕು, ಸ್ವಲ್ಪ ತಗ್ಗು.

"ಅದನ್ನ ಮರೆತುಬಿಡಿ," ಎಂದರು. ಅವರು ಹೇಳುವುದಕ್ಕೆ ಮೊದಲೇ ಗೊತ್ತಿತ್ತು. ನಲವತ್ತಾರಕ್ಕೆ ಹೊಸ ಕೆಲಸ ಕಲಿಯಬೇಕು. ಮಕ್ಕಳ ಪಾಠದ ಪುಸ್ತಕ ಓದಿ ರೆಕಾರ್ಡ್ ಮಾಡುವವರಿಗೆ ಧ್ವನಿ ಬೇಕಂತೆ, ಒಡಕಾದರೂ ನಡೆಯುತ್ತದಂತೆ, ಕಿವಿ ಕೇಳಿ ನೋಡುತ್ತೇನೆ ಎಂದಿದ್ದಾರೆ. ನೋಡೋಣ.

ಮನೆಗೆ ಬಂದು ದೊಡ್ಡಮ್ಮನಿಗೆ ಫೋನು ಮಾಡಿದೆ. ಟೈಪಿಸ್ಟೂ ಇಲ್ಲ, ಕೊಡೆಯೂ ಇಲ್ಲ, ಎಲ್ಲ ನಾನು ಕಟ್ಟಿದ್ದು ಎಂದೆ.

"ಹಾಗಾದ್ರೆ ಯಾಕೆ ಬಿಟ್ಟು ಬಂದ್ಲು?"

"ಅದು ಅವಳ ಮಾತು ದೊಡ್ಡಮ್ಮ. ಹೇಳಬೇಕು ಅನ್ಸಿದ್ರೆ ಅವಳೇ ಹೇಳ್ತಾಳೆ."

"ಇದೆಂಥಾ ಉತ್ತರ?" ಎಂದು ಅವರು ಫೋನು ಇಟ್ಟರು. ಬೇಜಾರಾಗಿದೆ ಅವರಿಗೆ. ಇರಲಿ.

ಸಂಜೆ ತಂಗಿ ಬಂದು, ಕೈಕಾಲು ತೊಳೆದು, ಅಂಗಡಿಯ ಕಥೆ ಶುರುಮಾಡಿದಳು. ಒಬ್ಬ ಲಾರಿ ಡ್ರೈವರ್ ಕಣ್ಣು ತೋರಿಸಲು ಬಂದಿದ್ದನಂತೆ. ಗೋಡೆಯ ಮೇಲಿನ ಅಕ್ಷರಗಳನ್ನು ಒಂದೂ ಬಿಡದೆ ಪಟಪಟನೆ ಓದಿದನಂತೆ. ತೊಂದರೆ ಏನೆಂದರೆ, ಆ ಹಾಳೆಯನ್ನು ಇವರು ಹೋದ ವಾರವೇ ಬದಲಾಯಿಸಿದ್ದರು. ಅವನು ಹಳೆಯದನ್ನು ಬಾಯಿಪಾಠ ಮಾಡಿಕೊಂಡಿದ್ದ. ಎದ್ದು ನಿಂತು, ಒಂದು ಕಣ್ಣು ಮುಚ್ಚಿ, ಅವನ ಹಾಗೇ ಅಭಿನಯಿಸಿ ತೋರಿಸಿದಳು. ಇವಳಿಗೆ ಇಷ್ಟು ಚೆನ್ನಾಗಿ ಅಣಕಿಸಲು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಡ್ರೈವರ್‌ದು ಮುಗಿಯಿತು, ಅವನ ಹಿಂದೆ ಬಂದ ಅಜ್ಜಿಯದು ಶುರುವಾಯಿತು, ಅಜ್ಜಿಯ ಸೊಸೆಯದು ಬಂತು.

ನಗು ಮಾತಿನ ಲೆಕ್ಕಕ್ಕೆ ಸೇರುತ್ತದೋ ಇಲ್ಲವೋ ಡಾಕ್ಟರನ್ನು ಕೇಳಲು ಮರೆತೆ. ಸೇರಿಸಿಕೊಂಡರೂ, ಈಗ ನೋಡಿದರೆ, ಇವತ್ತಿನ ಹತ್ತು ನಿಮಿಷದಲ್ಲಿ ಇನ್ನೂ ನಾಲ್ಕು ಉಳಿದಿದೆ. ಅವಳು ಒಳಗಿನಿಂದ ಕರೆಯುತ್ತಿದ್ದಾಳೆ, ಸೊಸೆಯ ಕಥೆ ಮುಗಿದಿಲ್ಲವಂತೆ. ಹೋಗಿ ಕೇಳುತ್ತೇನೆ.